ಓಟದ ವ್ಯಸನವೂ ಊಟದ ವಿಕಾರವೂ

ವ್ಯಾಯಾಮಕ್ಕೆ ಲೋಕದಲ್ಲಿ ನಿಂದಕರು ವಿರಳ. ವೈದ್ಯರು ಅದನ್ನು ಆರೋಗ್ಯದ ಮೂಲವೆಂದು ಹೇಳುವರು. ನೀತಿಜ್ಞರು ಆಲಸ್ಯಕ್ಕೆ ಮದ್ದೆಂದು ಹೊಗಳುವರು. ಮದ್ಯಪಾನದಲ್ಲಿಯೋ ಜೂಜಿನಲ್ಲಿಯೋ ತೊಡಗಿದವನನ್ನು ಮನೆಯವರು ತಡೆಯುತ್ತಾರೆ. ಬೆಳಗಿನ ಜಾವಕ್ಕೆ ಎದ್ದು ಹತ್ತು ಮೈಲಿ ಓಡಿಬರುವವನನ್ನು ತಡೆಯುವವರು ಯಾರು? ಅವನನ್ನು ನೆರೆಹೊರೆಯ ಮಕ್ಕಳಿಗೆ ಮೇಲ್ಪಂಕ್ತಿಯಾಗಿ ತೋರಿಸುವುದೇ ವಾಡಿಕೆ. ಈ ಹೊಗಳಿಕೆಯ ಮರೆಯಲ್ಲಿ ಬೆಳೆಯತಕ್ಕ ಒಂದು ರೋಗವುಂಟು. ಓಟವನ್ನು ಬಿಡಲಾರದ ಸ್ಥಿತಿಯೂ ಅನ್ನವನ್ನು ನೆಮ್ಮದಿಯಾಗಿ ಉಣ್ಣಲಾರದ ಸ್ಥಿತಿಯೂ ಒಬ್ಬರಲ್ಲಿಯೇ ಜೊತೆಗೂಡುವುದೇ ಆ ರೋಗ. ಇದನ್ನು ಕುರಿತು ಅಮೇರಿಕಾದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಐವತ್ತು ವರ್ಷಗಳಿಂದ ಗ್ರಂಥಗಳೂ ಲೇಖನಗಳೂ ಬಹಳವಾಗಿ ಹುಟ್ಟಿವೆ. ಅವುಗಳಲ್ಲಿ ಮುಖ್ಯವಾದ ಕೆಲವನ್ನು ಪರಿಶೀಲಿಸಿ, ಅವು ಸತ್ಯವನ್ನು ಎಲ್ಲಿ ಮುಟ್ಟಿವೆ, ಎಲ್ಲಿ ತಪ್ಪಿವೆ ಎಂಬುದನ್ನು ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ವ್ಯಸನವೆಂಬ ಮಾತನ್ನೇ ನೋಡತಕ್ಕದ್ದು. ಮನುಷ್ಯನನ್ನು ಶ್ರೇಯಸ್ಸಿನ ದಾರಿಯಿಂದ ಆಚೆಗೆ ಎಸೆಯುವುದು ಯಾವುದೋ ಅದು ವ್ಯಸನ ಎಂಬುದು ಕೌಟಿಲ್ಯನ ಅರ್ಥಶಾಸ್ತ್ರವು ಕೊಡುವ ನಿರ್ವಚನ. ಎಸೆಯುವ ವಸ್ತು ಸುರೆಯೇ ಆಗಬೇಕೆಂಬ ನಿಯಮವಿಲ್ಲ. ಮನುಸ್ಮೃತಿಯ ಏಳನೆಯ ಅಧ್ಯಾಯದಲ್ಲಿ ರಾಜನಿಗೆ ಎಚ್ಚರಿಕೆಯಾಗಿ ಹೇಳಿರುವ ಹತ್ತು ಕಾಮಜವ್ಯಸನಗಳಲ್ಲಿ ಮೊದಲು ಎಣಿಸಿರುವುದು ಮೃಗಯೆಯನ್ನು, ಎಂದರೆ ಬೇಟೆಯನ್ನು. ಕೊನೆಯಲ್ಲಿ ಎಣಿಸಿರುವುದು ವೃಥಾಟ್ಯೆಯನ್ನು, ಎಂದರೆ ಪ್ರಯೋಜನವಿಲ್ಲದ ತಿರುಗಾಟವನ್ನು. ಇವೆರಡೂ ಕಾಲಿನ ಕೆಲಸಗಳು, ಮೈಯನ್ನು ದಂಡಿಸುವ ಕೆಲಸಗಳು. ದೇಹಶ್ರಮವೂ ವ್ಯಸನವಾಗಬಲ್ಲುದೆಂಬ ತಿಳಿವಳಿಕೆ ಹೊಸದಲ್ಲವೆಂಬುದಕ್ಕೆ ಇಷ್ಟು ಸಾಕು.

ಕಾಳಿದಾಸನು ಈ ವಿಷಯವನ್ನು ಇನ್ನೂ ಸೂಕ್ಷ್ಮವಾಗಿ ಕಂಡಿದ್ದಾನೆ. ಶಾಕುಂತಲದ ಎರಡನೆಯ ಅಂಕದಲ್ಲಿ ದುಷ್ಯಂತನ ಬೇಟೆಯಿಂದ ಬೇಸತ್ತ ವಿದೂಷಕನು ತನ್ನ ಪಾಡನ್ನು ಹೇಳಿಕೊಂಡು ಗೋಳಾಡುತ್ತಾನೆ. ಅವನ ದೂರುಗಳಲ್ಲಿ ಒಂದು, ಊಟಕ್ಕೆ ಹೊತ್ತುಗೊತ್ತಿಲ್ಲವೆಂಬುದು. ಇನ್ನೊಂದು, ನಿದ್ರೆ ಕೆಟ್ಟಿತೆಂಬುದು. ಅನಂತರ ಸೇನಾಪತಿಯು ಬಂದು ಬೇಟೆಯ ಗುಣಗಾನ ಮಾಡುತ್ತಾನೆ: ಮೇದಸ್ಸು ಕರಗುವುದು, ಹೊಟ್ಟೆ ಸಣ್ಣಗಾಗುವುದು, ಮೈ ಹಗುರಾಗುವುದು, ಇಂಥದನ್ನು ವ್ಯಸನವೆನ್ನುವವರ ಮಾತು ಸುಳ್ಳು ಎಂಬುದು ಅವನ ವಾದದ ಸಾರ. ಈ ಸ್ತುತಿಯನ್ನು ಬೇರೆಯಾಗಿ ತೆಗೆದು ಓದಿದವರು ಇದನ್ನು ಕವಿಯ ಮತವೆಂದು ಭಾವಿಸಬಹುದು. ಆದರೆ ಸೇನಾಪತಿಯು ಇದಕ್ಕೆ ಮುಂಚೆಯೇ ವಿದೂಷಕನ ಕಿವಿಯಲ್ಲಿ, ನೀನು ನಿನ್ನ ವಿರೋಧವನ್ನು ಬಿಡಬೇಡ, ನಾನು ಒಡೆಯನ ಮನಸ್ಸನ್ನು ಅನುಸರಿಸಿ ಮಾತನಾಡುವೆನು ಎಂಬರ್ಥದಲ್ಲಿ ಹೇಳಿರುತ್ತಾನೆ. ಸ್ತುತಿಯು ಓಲಗದವನ ಸ್ತುತಿ; ನಿಜವು ನಗೆಗಾರನ ಗೋಳಿನಲ್ಲಿದೆ. ಈಚಿನ ಐವತ್ತು ವರ್ಷಗಳ ಓಟದ ಸಾಹಿತ್ಯದಲ್ಲಿಯೂ ಸೇನಾಪತಿಯ ಧ್ವನಿ ಹೆಚ್ಚು, ವಿದೂಷಕನ ಧ್ವನಿ ಕಡಮೆ.

ಸೇನಾಪತಿಯ ಪಕ್ಷದ ಗ್ರಂಥಗಳಲ್ಲಿ ಹೆಸರಾದದ್ದು ಅಮೇರಿಕಾದ ಮನೋವೈದ್ಯ ವಿಲಿಯಂ ಗ್ಲಾಸರನು 1976ರಲ್ಲಿ ಪ್ರಕಟಿಸಿದ 'ಪಾಸಿಟಿವ್ ಅಡಿಕ್ಷನ್' ಎಂಬುದು. ಹೆಸರನ್ನು ಸದ್ವ್ಯಸನವೆಂದು ಕನ್ನಡಿಸಬಹುದು. ಕುಡಿತವು ಮನುಷ್ಯನನ್ನು ಕುಗ್ಗಿಸುವಂತೆಯೇ ಓಟ, ಧ್ಯಾನ ಮೊದಲಾದುವು ಅವನನ್ನು ಬಲಪಡಿಸುವ ವ್ಯಸನಗಳೆಂದು ಗ್ಲಾಸರನ ಸಿದ್ಧಾಂತ. ಗ್ರಂಥಕ್ಕೆ ಬಂದ ಪ್ರಸಿದ್ಧಿಯಲ್ಲಿ ಅದರ ಒಂದು ಭಾಗವು ಮರೆಯಾಯಿತು. ಸದ್ವ್ಯಸನಕ್ಕೆ ಗ್ಲಾಸರನು ಆರು ಲಕ್ಷಣಗಳನ್ನು ಹೇಳಿದ್ದಾನೆ. ಅದು ಸ್ಪರ್ಧೆಯಿಲ್ಲದ್ದಾಗಿರಬೇಕು, ದಿನಕ್ಕೆ ಸುಮಾರು ಒಂದು ಗಂಟೆಯ ಹೊತ್ತಿನದಾಗಿರಬೇಕು ಎಂಬುದು ಮೊದಲನೆಯದು. ತನ್ನನ್ನು ತಾನು ಹಳಿದುಕೊಳ್ಳದೆ ಮಾಡುವಂಥದಾಗಿರಬೇಕು ಎಂಬುದು ಕೊನೆಯದು. ಈ ಎರಡು ಲಕ್ಷಣಗಳೇ ಗ್ರಂಥದ ಜೀವ. ಓಟದ ಉತ್ಸಾಹಿಗಳು ಹೆಸರನ್ನು ಉಳಿಸಿಕೊಂಡು ಲಕ್ಷಣಗಳನ್ನು ಬಿಟ್ಟರು. ನಿಮಿಷವನ್ನೂ ಮೈಲಿಯನ್ನೂ ಲೆಕ್ಕಹಾಕಿ, ನಿನ್ನೆಗಿಂತ ಇಂದು ಹಿಂದೆ ಬಿದ್ದೆನೆಂದು ಕೊರಗುವವನಿಗೆ ಗ್ಲಾಸರನ ಪ್ರಮಾಣಪತ್ರ ಸಲ್ಲುವುದಿಲ್ಲ. ಆದರೆ ದೋಷವು ಓದುಗರದು ಮಾತ್ರವೇ ಅಲ್ಲ. ಓಟ ತಪ್ಪಿದ ದಿನ ಓಟಗಾರನಿಗೆ ಆಗುವ ಸಂಕಟವನ್ನು ಗ್ರಂಥಕಾರನು ವ್ಯಸನವು ಬೇರೂರಿದ್ದಕ್ಕೆ ಗುರುತಾಗಿ ಎಣಿಸಿದನೇ ಹೊರತು, ಅದನ್ನು ಎಚ್ಚರಿಕೆಯಾಗಿ ಎಣಿಸಲಿಲ್ಲ.

ಆ ಎಚ್ಚರಿಕೆಯ ಗಂಟೆ ಅದಕ್ಕೆ ಮುಂಚೆಯೇ ಬಾರಿಸಿತ್ತು. ವ್ಯಾಯಾಮ ನಿಂತರೆ ನಿದ್ರೆಗೆ ಏನಾಗುವುದೆಂಬುದನ್ನು ತಿಳಿಯಲು ಫ್ರೆಡರಿಕ್ ಬೇಕ್‌ಲ್ಯಾಂಡ್ ಎಂಬ ವೈದ್ಯನು ನಡೆಸಿ 1970ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದುಂಟು. ಪ್ರತಿದಿನವೆಂಬಂತೆ ವ್ಯಾಯಾಮ ಮಾಡುವವರನ್ನು ಒಂದು ತಿಂಗಳು ಸುಮ್ಮನಿರುವಂತೆ ಕೇಳಿದಾಗ, ಹಣ ಕೊಡುವೆನೆಂದರೂ ಅವರು ಒಪ್ಪಲಿಲ್ಲ. ಕೊನೆಗೆ ವಾರಕ್ಕೆ ಮೂರು ನಾಲ್ಕು ದಿನ ಮಾತ್ರ ಓಡುವವರನ್ನು ತೆಗೆದುಕೊಂಡು ಪರೀಕ್ಷೆಯನ್ನು ಸಾಗಿಸಬೇಕಾಯಿತು. ಅವರಿಗೂ ನಿದ್ರೆ ಕೆಟ್ಟಿತು, ಕಳವಳ ಹೆಚ್ಚಿತು. ಪರೀಕ್ಷೆಯ ಫಲಿತಾಂಶಕ್ಕಿಂತಲೂ, ಪರೀಕ್ಷೆಗೆ ಒಳಪಡದವರ ನಿರಾಕರಣೆಯೇ ಹೆಚ್ಚಿನ ಅರ್ಥವುಳ್ಳದ್ದು.

ಗ್ಲಾಸರನ ಗ್ರಂಥಕ್ಕೆ ಪ್ರತ್ಯುತ್ತರವೆಂಬಂತೆ 1979ರಲ್ಲಿ ವಿಲಿಯಂ ಮಾರ್ಗನ್ ಎಂಬ ಮನಶ್ಶಾಸ್ತ್ರಜ್ಞನು ಓಟಗಾರರಲ್ಲಿನ ದುರ್ವ್ಯಸನವನ್ನು ಕುರಿತು ಲೇಖನವನ್ನು ಬರೆದನು. ಮೂಳೆ ನೋಯುತ್ತಿದ್ದರೂ, ವೈದ್ಯನು ಬೇಡವೆಂದರೂ, ಉದ್ಯೋಗವೂ ಸಂಸಾರವೂ ಹದಗೆಟ್ಟರೂ ಓಟವನ್ನು ನಿಲ್ಲಿಸಲಾರದವರ ವೃತ್ತಾಂತವದು. ಓಟವನ್ನು ಒಳ್ಳೆಯ ಔಷಧಿಯೆಂದು ಒಪ್ಪಿಕೊಂಡು, ಔಷಧಿಗೂ ಪ್ರಮಾಣ ಮೀರುವ ಅಪಾಯವುಂಟೆಂದು ಮಾರ್ಗನ್ನನು ತೋರಿಸಿದನು. ಇದು ನ್ಯಾಯವಾದ ವಿಮರ್ಶೆ. ಮೈಲಿಯ ಎಣಿಕೆಯಿಂದ ವ್ಯಸನವನ್ನು ಅಳೆಯದೆ, ನಿಲ್ಲಿಸಬಲ್ಲನೋ ಇಲ್ಲವೋ ಎಂಬುದರಿಂದ ಅಳೆದದ್ದು ಅವನ ಹೆಚ್ಚಳ. ಆದರೆ ಓಟವು ಹಿಡಿತ ತಪ್ಪಿದಾಗ ಅಡುಗೆಮನೆಯಲ್ಲಿ ಏನು ನಡೆಯುವುದೆಂಬ ಪ್ರಶ್ನೆ ಆ ಲೇಖನದ ಹೃದಯವಾಗಲಿಲ್ಲ.

ಅದನ್ನು ಎಲ್ಲರ ಮುಂದೆ ಇಟ್ಟವಳು ಅರಿಜೋನಾ ವಿಶ್ವವಿದ್ಯಾನಿಲಯದ ಮನೋವೈದ್ಯೆ ಅಲೇನ್ ಯೇಟ್ಸ್. ಆಕೆಯೂ ಇಬ್ಬರು ಸಹೋದ್ಯೋಗಿಗಳೂ ಕೂಡಿ 1983ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಎಂಬ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಒಂದು ಪ್ರಶ್ನೆಯನ್ನೇ ತಲೆಬರಹವಾಗಿ ಉಳ್ಳದ್ದು: ಓಟವು ಅನೊರೆಕ್ಸಿಯಾಕ್ಕೆ ಸದೃಶವೇ? ಅನೊರೆಕ್ಸಿಯಾ ನರ್ವೋಸಾ ಎಂದರೆ, ದಪ್ಪಗಾಗುವೆನೆಂಬ ಭಯದಿಂದ ಆಹಾರವನ್ನು ಕಡಮೆಮಾಡುತ್ತ ದೇಹವನ್ನು ಅಪಾಯಕರವಾಗಿ ಸವೆಸಿಕೊಳ್ಳುವ ರೋಗ. ಅರವತ್ತಕ್ಕೂ ಹೆಚ್ಚು ಮಂದಿ ದೂರದ ಓಟಗಾರರನ್ನು ಕಂಡು ಮಾತನಾಡಿಸಿದ ಯೇಟ್ಸ್ ಪಂಗಡದವರು, ಅವರಲ್ಲಿ ಓಡದೆ ಇರಲಾರದ ಪುರುಷರ ಒಂದು ವರ್ಗವು ಅನೊರೆಕ್ಸಿಯಾಪೀಡಿತ ಸ್ತ್ರೀಯರನ್ನು ಸ್ವಭಾವದಲ್ಲಿ ಹೋಲುವುದೆಂದು ಹೇಳಿದರು. ಕೋಪವನ್ನು ಅದುಮಿಡುವುದು, ತನ್ನಿಂದ ತಾನು ಅತಿಯಾಗಿ ನಿರೀಕ್ಷಿಸುವುದು, ನೋವನ್ನು ಸಹಿಸುವುದು, ಕ್ಷೀಣವಾಗುತ್ತಿರುವುದನ್ನು ಒಪ್ಪದಿರುವುದು, ಖಿನ್ನತೆಯ ಕಡೆಗೆ ವಾಲುವುದು — ಇವು ಇಬ್ಬರಿಗೂ ಸಾಮಾನ್ಯವೆಂದರು.

ಲೇಖನವು ಕೋಲಾಹಲವನ್ನೆಬ್ಬಿಸಿತು. ಮುಂದಿನ ವರ್ಷವೇ, 1984ರಲ್ಲಿ, ಜೇಮ್ಸ್ ಬ್ಲೂಮೆಂತಾಲ್ ಮತ್ತು ಅವರ ಸಂಗಡಿಗರು ಬಿಡಲಾರದ ಓಟಗಾರರನ್ನೂ ಅನೊರೆಕ್ಸಿಯಾ ರೋಗಿಗಳನ್ನೂ ಮನಃಪರೀಕ್ಷೆಯ ಪ್ರಶ್ನಾವಳಿಯಿಂದ ಹೋಲಿಸಿ, ಓಟಗಾರರ ಮನಸ್ಸು ಬಹುಮಟ್ಟಿಗೆ ಸ್ವಸ್ಥರ ಎಲ್ಲೆಯೊಳಗೇ ಇರುವುದೆಂದು ತೋರಿಸಿದರು. ಯೇಟ್ಸಳ ಉಪಮಾನವು ಹಾಗಾದರೆ ವ್ಯರ್ಥವೇ? ಅಲಂಕಾರಶಾಸ್ತ್ರವನ್ನು ಬಲ್ಲವರಿಗೆ ಇಲ್ಲಿಯ ತೊಡಕು ಸುಲಭವಾಗಿ ತಿಳಿಯುವುದು. ಉಪಮೆಯಲ್ಲಿ ಉಪಮಾನ ಉಪಮೇಯಗಳು ಬೇರೆಬೇರೆಯಾಗಿಯೇ ನಿಲ್ಲುವುವು. ಸಾಧಾರಣಧರ್ಮವೊಂದು ಮಾತ್ರ ಅವನ್ನು ಕೂಡಿಸುವುದು. ಯೇಟ್ಸ್ ಪಂಗಡದವರು ಸಾಧಾರಣಧರ್ಮವನ್ನು ಓಟಗಾರನ ಸ್ವಭಾವದಲ್ಲಿ ಹುಡುಕಿದರು. ಪ್ರತಿಪಕ್ಷದವರು ಸ್ವಭಾವವು ಒಂದಲ್ಲವೆಂದು ತೋರಿಸಿ ಉಪಮೆಯನ್ನು ಮುರಿದರು. ಆದರೆ ಓಟವು ಅನೊರೆಕ್ಸಿಯಾವನ್ನು ಹೋಲುವುದೋ ಇಲ್ಲವೋ ಎಂಬುದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆಯಿದೆ: ಅವೆರಡೂ ಒಂದನ್ನೊಂದು ಬೆಳೆಸುವುವೇ? ಸಾದೃಶ್ಯದ ಚರ್ಚೆಯಲ್ಲಿ ಕಾರ್ಯಕಾರಣದ ಚರ್ಚೆ ಹಿಂದೆ ಬಿದ್ದದ್ದೇ ಈ ವಾದದ ಕೊರತೆ.

ಕಾರ್ಯಕಾರಣಕ್ಕೆ ಸಾಕ್ಷಿಯು ಹಳೆಯದೇ. ಅನೊರೆಕ್ಸಿಯಾಕ್ಕೆ ಆ ಹೆಸರನ್ನು ಕೊಟ್ಟ ಲಂಡನ್ನಿನ ವೈದ್ಯ ಸರ್ ವಿಲಿಯಂ ಗಲ್ಲನು 1870ರ ದಶಕದಲ್ಲಿಯೇ, ಇಷ್ಟು ಬಡವಾದ ದೇಹವು ಇಷ್ಟು ಓಡಾಟವನ್ನು ಹೇಗೆ ತಡೆದುಕೊಂಡಿತೆಂದು ಬೆರಗುಪಟ್ಟಿದ್ದನು. ಹಸಿದ ದೇಹವು ಮಲಗಬೇಕು; ಇದು ನಡೆದಾಡುತ್ತಿತ್ತು. ಅನಂತರ 1967ರಲ್ಲಿ ರೂಟೆನ್‌ಬರ್ಗ್ ಮತ್ತು ಕುಜ್ನೆಸಾಫ್ ಎಂಬವರು ಇಲಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ದಿನಕ್ಕೆ ಒಂದು ಗಂಟೆ ಮಾತ್ರ ಆಹಾರ ದೊರೆಯುವ ಇಲಿಗಳು ಆ ಕಟ್ಟಳೆಗೆ ಹೊಂದಿಕೊಂಡು ಬದುಕಿದುವು. ಅದೇ ಕಟ್ಟಳೆಯಲ್ಲಿದ್ದು, ಜೊತೆಗೆ ತಿರುಗುವ ಚಕ್ರವನ್ನೂ ಪಡೆದ ಇಲಿಗಳು ದಿನದಿನಕ್ಕೆ ಹೆಚ್ಚುಹೆಚ್ಚಾಗಿ ಓಡಿದುವು. ಆಹಾರದ ಗಂಟೆಯಲ್ಲಿ ಕಡಮೆಕಡಮೆಯಾಗಿ ತಿಂದುವು. ಹಾಗೆಯೇ ಸವೆದು ಸಾವಿನ ಅಂಚಿಗೆ ಬಂದುವು. ಇಲಿಗೆ ಕನ್ನಡಿಯಿಲ್ಲ, ಕೀರ್ತಿಯ ಆಸೆಯಿಲ್ಲ, ತೆಳ್ಳಗಿರಬೇಕೆಂಬ ಅಭಿಮಾನವಿಲ್ಲ. ಆದರೂ ಕೊರತೆಯ ಊಟವು ಓಟವನ್ನು ಹೆಚ್ಚಿಸಿತು. ಓಟವು ಊಟವನ್ನು ಇನ್ನೂ ಕಡಮೆಮಾಡಿತು. ಮನುಷ್ಯನ ರೋಗವನ್ನೆಲ್ಲ ಇಲಿಯಿಂದ ಅಳೆಯಲಾಗದು. ಆದರೂ ಇವೆರಡರ ಕೂಟದಲ್ಲಿ ಮನಸ್ಸಿನ ದೋಷಕ್ಕಿಂತ ಕೆಳಗೆ, ದೇಹದಲ್ಲಿಯೇ ಒಂದು ಸುಳಿಯಿರುವುದೆಂಬುದನ್ನು ಈ ಪರೀಕ್ಷೆ ತೋರಿಸಿತು. ದೃಢಸಂಕಲ್ಪದಿಂದ ಓಡುತ್ತಿರುವೆನೆಂದು ನಂಬಿದವನು ಹಸಿವಿನಿಂದ ಓಡಿಸಲ್ಪಡುತ್ತಿರಬಹುದು.

ಓಟದ ವ್ಯಸನವು ತಾನೇ ಒಂದು ರೋಗವೋ, ಆಹಾರವಿಕಾರದ ನೆರಳೋ ಎಂಬ ವಿವಾದವೂ ನಡೆದಿದೆ. ಬ್ರಿಟಿಷ್ ಮನೋವೈದ್ಯ ಡೇವಿಡ್ ವೀಲನು 1987ರಲ್ಲಿ ಇದನ್ನು ಎರಡಾಗಿ ವಿಂಗಡಿಸಿದನು: ವ್ಯಾಯಾಮಕ್ಕಾಗಿಯೇ ವ್ಯಾಯಾಮಕ್ಕೆ ಅಂಟಿಕೊಂಡದ್ದು ಮುಖ್ಯವ್ಯಸನ, ಮೈ ಕರಗಿಸುವ ಉಪಾಯವಾಗಿ ಅಂಟಿಕೊಂಡದ್ದು ಗೌಣವ್ಯಸನ. ವಿಂಗಡಣೆ ಅಂದವಾಗಿದೆ. ಆದರೆ 2000ದಲ್ಲಿ ಬ್ಯಾಂಬರ್ ಮೊದಲಾದವರು ಬ್ರಿಟನ್ನಿನ ಸ್ತ್ರೀಯರನ್ನು ದೀರ್ಘವಾಗಿ ವಿಚಾರಿಸಿದಾಗ, ಆಹಾರವಿಕಾರದ ಸೋಂಕಿಲ್ಲದ ಮುಖ್ಯವ್ಯಸನಕ್ಕೆ ಸಾಕ್ಷ್ಯ ದೊರೆಯಲಿಲ್ಲ. ಕೇಂಬ್ರಿಜ್ಜಿನ ಆಂಗ್ಲಿಯಾ ರಸ್ಕಿನ್ ವಿಶ್ವವಿದ್ಯಾನಿಲಯದವರು 2020ರಲ್ಲಿ ಒಂಬತ್ತು ಪರಿಶೋಧನೆಗಳನ್ನೂ ಅವುಗಳಲ್ಲಿನ 2,140 ಮಂದಿಯ ವಿವರಗಳನ್ನೂ ಒಟ್ಟುಗೂಡಿಸಿ ನೋಡಿದರು. ಆಹಾರವಿಕಾರದ ಚಿಹ್ನೆಗಳುಳ್ಳವರಲ್ಲಿ ವ್ಯಾಯಾಮವ್ಯಸನದ ಸಂಭವವು ಉಳಿದವರಿಗಿಂತ 3.7 ಪಟ್ಟು ಹೆಚ್ಚೆಂದು ಕಂಡುಬಂದಿತು. ಇದರಿಂದ ಓಡುವವರೆಲ್ಲರೂ ರೋಗಿಗಳೆಂದು ಸಾಧಿಸಿದಂತಾಗುವುದಿಲ್ಲ. ಯಾವುದು ಮೊದಲು ಹುಟ್ಟಿತೆಂಬುದೂ ಸಿದ್ಧವಾಗುವುದಿಲ್ಲ. ಒಂದು ಕಂಡಲ್ಲಿ ಇನ್ನೊಂದನ್ನು ವಿಚಾರಿಸದೆ ಬಿಡಬಾರದೆಂಬುದು ಮಾತ್ರ ಸಿದ್ಧ. ಅಮೇರಿಕಾದ ಮನೋವೈದ್ಯರ ಸಂಘವು 2013ರಲ್ಲಿ ಹೊರತಂದ ರೋಗಸೂಚಿಯಲ್ಲಿ ಜೂಜಿನ ಚಟಕ್ಕೆ ವ್ಯಸನಗಳ ಸಾಲಿನಲ್ಲಿ ಸ್ಥಾನ ದೊರೆಯಿತು; ವ್ಯಾಯಾಮಕ್ಕೆ ದೊರೆಯಲಿಲ್ಲ. ಹೆಸರಿಲ್ಲದ ರೋಗವನ್ನು ಗುರುತಿಸುವ ಹೊಣೆ ಹೀಗಾಗಿ ಬಹುಮಟ್ಟಿಗೆ ಮನೆಯವರ ಮೇಲೆಯೇ ಬೀಳುವುದು.

ದೇಹದಲ್ಲಿ ನಡೆಯುವ ಹಾನಿಯ ಕ್ರಮವನ್ನು ಗೃಹಕೃತ್ಯದ ದೃಷ್ಟಾಂತದಿಂದ ತಿಳಿಯಬಹುದು. ಉಂಡ ಅನ್ನದ ಶಕ್ತಿಯಲ್ಲಿ ಓಟಕ್ಕೆ ಕೊಟ್ಟು ಉಳಿದದ್ದರಿಂದ ಶರೀರವು ತನ್ನ ಸಂಸಾರವನ್ನು ನಡೆಸಬೇಕು. ಉಳಿತಾಯ ಸಾಲದೆ ಹೋದರೆ, ಜಾಣ ಗೃಹಿಣಿಯಂತೆ, ಇಂದು ಇಲ್ಲದಿದ್ದರೂ ನಡೆಯುವ ವೆಚ್ಚಗಳನ್ನು ಮೊದಲು ನಿಲ್ಲಿಸುವುದು. ಸ್ತ್ರೀಯರಲ್ಲಿ ಋತುಸ್ರಾವ ನಿಲ್ಲುವುದು. ಅದರೊಡನೆ ಮೂಳೆಯನ್ನು ಕಾಪಾಡುವ ರಸ ಕುಗ್ಗಿ ಮೂಳೆಗಳಲ್ಲಿ ಬಿರುಕು ಮೂಡುವುದು. ಪುರುಷರಲ್ಲಿಯೂ ಪುಂಸ್ತ್ವದ ರಸ ತಗ್ಗುವುದು. ಅಮೇರಿಕಾದ ಕ್ರೀಡಾವೈದ್ಯರು 1992ರಲ್ಲಿ ಆಹಾರವಿಕಾರ, ಋತುರೋಧ, ಅಸ್ಥಿಕ್ಷಯ ಈ ಮೂರನ್ನೂ ಸೇರಿಸಿ ಕ್ರೀಡಾಳು ಸ್ತ್ರೀಯರ ತ್ರಿಕವೆಂದು ಹೆಸರಿಟ್ಟರು. ಪುರುಷರೂ ಇದಕ್ಕೆ ಹೊರತಲ್ಲವೆಂದೂ, ಹೃದಯ ಮೊದಲಾದ ಇತರ ಅಂಗಗಳಿಗೂ ಇದು ತಟ್ಟುವುದೆಂದೂ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಲಕ್ಷಣವನ್ನು ವಿಸ್ತರಿಸಿತು. 2023ರಲ್ಲಿ ಅದನ್ನು ಮತ್ತೆ ಪರಿಷ್ಕರಿಸಿತು.

ಶಾಸ್ತ್ರವು ವಿಸ್ತರಿಸಿದರೂ ಆಟದ ಬಯಲಿಗೆ ಅದು ಇಳಿಯುವುದು ನಿಧಾನ. 2013ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಜಾಗತಿಕ ಸ್ಪರ್ಧೆಯ 1500 ಮೀಟರು ಓಟದ ಅಂತಿಮ ಸುತ್ತಿಗೆ ಏರಿದ ಅಮೇರಿಕಾದ ಮೇರಿ ಕೇನ್ 2019ರಲ್ಲಿ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ಮೂಲಕ ತನ್ನ ಕಥೆಯನ್ನು ಲೋಕಕ್ಕೆ ತಿಳಿಸಿದಳು. ತೂಕವನ್ನು ಇಳಿಸಬೇಕೆಂಬ ಒತ್ತಾಯಕ್ಕೆ ಸಿಕ್ಕಿ ತನಗೆ ಮೂರು ವರ್ಷ ಋತುಸ್ರಾವ ನಿಂತಿತೆಂದೂ ಐದು ಮೂಳೆಗಳು ಮುರಿದುವೆಂದೂ ಹೇಳಿದಳು. ಆಕೆಯದು ಓಟದ ವ್ಯಸನವೆಂದು ಹೇಳುವುದು ಅನ್ಯಾಯ. ವ್ಯಸನವು ಒಳಗಿನಿಂದ ಆಡುವ ಮಾತನ್ನೇ ಅಲ್ಲಿ ಹೊರಗಿನವರು ಆಡಿದರು: ಇನ್ನೂ ತೆಳ್ಳಗಾಗು, ಇನ್ನೂ ವೇಗವಾಗುವೆ. ಮಾತು ಒಂದೇ ಆದ್ದರಿಂದ, ಹೊರಗಿನ ಧ್ವನಿ ಯಾವಾಗ ಒಳಗಿನ ಧ್ವನಿಯಾಗುವುದೆಂದು ಎಳೆಯ ವಯಸ್ಸಿನವರಿಗೆ ತಿಳಿಯುವುದು ಕಷ್ಟ.

ಹೀಗಿರಲು, ಆರೋಗ್ಯದ ಓಟಕ್ಕೂ ವ್ಯಸನದ ಓಟಕ್ಕೂ ಭೇದವೆಲ್ಲಿ? ಈ ಪ್ರಶ್ನೆಗೆ ವೈದ್ಯರ ಲೇಖನಗಳಿಗಿಂತ ಇಬ್ಬರು ಕಥೆಗಾರರ ಗ್ರಂಥಗಳು ಹೆಚ್ಚು ಬೆಳಕನ್ನು ಕೊಡುವುವು. ಇಂಗ್ಲೆಂಡಿನ ಅಲನ್ ಸಿಲಿಟೋ 1959ರಲ್ಲಿ ಪ್ರಕಟಿಸಿದ 'ದಿ ಲೋನ್ಲಿನೆಸ್ ಆಫ್ ದಿ ಲಾಂಗ್ ಡಿಸ್ಟೆನ್ಸ್ ರನ್ನರ್' ಎಂಬ ಕಥೆಯ ನಾಯಕನು ಸೆರೆಶಾಲೆಯಲ್ಲಿರುವ ಹುಡುಗ. ಅಲ್ಲಿಯ ಅಧಿಕಾರಿಯು ತನ್ನ ಕೀರ್ತಿಗಾಗಿ ಅವನನ್ನು ಓಟದಲ್ಲಿ ಗೆಲ್ಲಿಸಬಯಸುವನು. ಎಲ್ಲರಿಗಿಂತ ಮುಂದೆ ಬಂದ ಹುಡುಗನು ಗೆಲುವಿನ ಗೆರೆಯ ಬಳಿ ಬೇಕೆಂದೇ ನಿಲ್ಲುವನು. ಇದನ್ನು ಸಾಮಾನ್ಯವಾಗಿ ಅಧಿಕಾರದ ವಿರುದ್ಧದ ಪ್ರತಿಭಟನೆಯೆಂದು ಓದುವರು, ಅದು ಸರಿಯೇ. ಆದರೆ ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ: ಓಡಬಲ್ಲವನ ಸ್ವಾತಂತ್ರ್ಯವು ಕೊನೆಗೆ ತಿಳಿದುಬರುವುದು ನಿಲ್ಲಬಲ್ಲನೇ ಎಂಬುದರಿಂದ. ಜಪಾನಿನ ಹರುಕಿ ಮುರಕಾಮಿ 2007ರಲ್ಲಿ ಪ್ರಕಟಿಸಿದ ಓಟದ ಸ್ಮೃತಿಗ್ರಂಥದಲ್ಲಿ, 1996ರಲ್ಲಿ ನೂರು ಕಿಲೋಮೀಟರು ಓಡಿದ ಮೇಲೆ ಓಟದಲ್ಲಿನ ತನ್ನ ಉತ್ಸಾಹವೇ ಇಳಿದುಹೋದುದನ್ನು ಮುಚ್ಚುಮರೆಯಿಲ್ಲದೆ ಬರೆದಿದ್ದಾನೆ. ಆ ಇಳಿತವನ್ನು ಅವನು ಪಾಪವೆಂದು ಎಣಿಸಲಿಲ್ಲ. ಕಾಲಕ್ರಮದಲ್ಲಿ ಅದನ್ನು ಒಪ್ಪಿಕೊಂಡನು. ವ್ಯಸನಿಗೆ ಈ ಒಪ್ಪಿಗೆ ಸಾಧ್ಯವಿಲ್ಲ. ದುಷ್ಯಂತನಾದರೂ ಸೇನಾಪತಿಯ ಸ್ತುತಿಯನ್ನು ಕೇಳಿದ ಮೇಲೆ ಆ ದಿನದ ಬೇಟೆಯನ್ನು ನಿಲ್ಲಿಸಿದನು. ಕಾರಣವು ಅನುರಾಗವೇ ಆಗಿರಲಿ, ಅವನು ನಿಲ್ಲಿಸಬಲ್ಲವನಾಗಿದ್ದನು.

ಓಟವನ್ನು ಒಬ್ಬರೂ ಊಟವನ್ನು ಇನ್ನೊಬ್ಬರೂ ವಿಚಾರಿಸುವ ಹೊಸ ವಿದ್ಯೆಯ ಪದ್ಧತಿಯಿಂದ ಇವುಗಳ ಕೂಟವು ಬಹುಕಾಲ ಕಣ್ಣಿಗೆ ಬೀಳಲಿಲ್ಲ. ವಾಗ್ಭಟನ ಅಷ್ಟಾಂಗಹೃದಯದ ಎರಡನೆಯ ಅಧ್ಯಾಯವು ವ್ಯಾಯಾಮವನ್ನು ವಿಧಿಸುವ ರೀತಿಯನ್ನು ಇಲ್ಲಿ ನೆನೆಯತಕ್ಕದ್ದು. ಬಲವಿದ್ದವರೂ ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಶ್ರಮಿಸಬೇಕು. ಅದೂ ಜಿಡ್ಡಿನ ಆಹಾರವನ್ನು ಉಣ್ಣುವವರಾಗಿದ್ದರೆ. ಶ್ರಮದ ಮಿತಿಯನ್ನೂ ಅನ್ನದ ಪುಷ್ಟಿಯನ್ನೂ ಆಚಾರ್ಯನು ಒಂದೇ ಉಸಿರಿನಲ್ಲಿ ಹೇಳಿದ್ದಾನೆ. ಮಿತಿ ಮೀರಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ಕೆಡುವನೆಂದು ಅಲ್ಲಿಯೇ ಎಚ್ಚರಿಸಿದ್ದಾನೆ. ಸಿಂಹವೆಂದದ್ದು ಗಮನಾರ್ಹ, ಕೆಡುವವನು ದುರ್ಬಲನಲ್ಲ, ಬಲಶಾಲಿ. ಪ್ರಾಚೀನರು ಅನೊರೆಕ್ಸಿಯಾವನ್ನು ಕಂಡಿದ್ದರೆಂದು ಇದರಿಂದ ಸಾಧಿಸಹೊರಡುವುದು ಹಾಸ್ಯಾಸ್ಪದ. ಅನ್ನವಿಲ್ಲದ ಶ್ರಮಕ್ಕೆ ಅವರು ವ್ಯಾಯಾಮವೆಂಬ ಗೌರವವನ್ನು ಕೊಡಲಿಲ್ಲವೆಂಬುದಷ್ಟೇ ಇಲ್ಲಿ ಗ್ರಾಹ್ಯ.

ಈ ವಿಚಾರ ಕನ್ನಡನಾಡಿನ ಮನೆಗಳಿಗೆ ದೂರದ್ದೆಂದು ಭಾವಿಸಬೇಕಾಗಿಲ್ಲ. ಬೆಂಗಳೂರಿನಲ್ಲಿ 2008ರಿಂದ ಹತ್ತು ಕಿಲೋಮೀಟರು ಓಟದ ದೊಡ್ಡ ಸ್ಪರ್ಧೆ ನಡೆದುಬಂದಿದೆ. ಓಟವು ವಿದ್ಯಾವಂತರ ಹವ್ಯಾಸವಾಗಿದೆ. ಅದು ಸಂತೋಷದ ಸಂಗತಿ. ಆದರೆ ಮಗನೋ ಮಗಳೋ ಜ್ವರದಲ್ಲಿಯೂ ಓಡಲು ಹೊರಟರೆ, ಓಡದ ದಿನ ಊಟಕ್ಕೆ ಅರ್ಹತೆಯಿಲ್ಲವೆಂಬಂತೆ ಎಲೆಯ ಮುಂದಿನಿಂದ ಎದ್ದರೆ, ಉಂಡ ತುತ್ತಿಗೆಲ್ಲ ಮೈಲಿಯಲ್ಲಿ ತೆರಿಗೆ ತೆತ್ತರೆ, ಅದನ್ನು ಶಿಸ್ತೆಂದು ಹೊಗಳುವ ಮೊದಲು ಮನೆಯವರು ಒಂದು ಕ್ಷಣ ತಡೆಯಬೇಕು. ಉಪವಾಸಕ್ಕೂ ದೇಹದಂಡನೆಗೂ ಪುಣ್ಯದ ಹೆಸರಿರುವ ಸಮಾಜದಲ್ಲಿ ಈ ರೋಗಕ್ಕೆ ಅಡಗಲು ಜಾಗ ಹೆಚ್ಚು. ಗದರಿಸಿ ಓಟವನ್ನು ಬಿಡಿಸಿದರೆ ಪ್ರಯೋಜನವಿಲ್ಲ. ಬಲವಂತದಿಂದ ಉಣ್ಣಿಸಿದರೂ ಇಲ್ಲ. ಎರಡು ಎಳೆಗಳೂ ಹೆಣೆದುಕೊಂಡಿರುವುದರಿಂದ ಎರಡನ್ನೂ ಬಲ್ಲ ವೈದ್ಯರ ಬಳಿಗೆ ಕರೆದೊಯ್ಯುವುದು ಉಚಿತ.

ಒಟ್ಟಿನಲ್ಲಿ ಗ್ಲಾಸರನು ಓಟದ ಗುಣವನ್ನು ಕಂಡನು, ಮಾರ್ಗನ್ನನು ಅದರ ಮಿತಿಯನ್ನು ಕಂಡನು, ಯೇಟ್ಸಳು ಅದರ ಜೊತೆಗಾರನನ್ನು ಕಂಡಳು. ಮೂವರಲ್ಲಿ ಹೆಚ್ಚು ಖಂಡನೆಗೆ ಗುರಿಯಾದ ಯೇಟ್ಸಳೇ ಹೆಚ್ಚು ಉಪಕಾರ ಮಾಡಿದಳೆಂದು ಹೇಳಬೇಕು. ಆಕೆಯ ಉತ್ತರವು ತಪ್ಪಾಗಿದ್ದರೂ ಪ್ರಶ್ನೆಯು ಸರಿಯಾಗಿತ್ತು. ಎಷ್ಟು ದೂರ ಓಡಿದನೆಂದು ಕೇಳುವ ಲೋಕಕ್ಕೆ, ಓಡಿ ಬಂದವನು ನೆಮ್ಮದಿಯಾಗಿ ಕುಳಿತು ಉಂಡನೇ ಎಂದು ಕೇಳುವುದನ್ನು ಆಕೆ ಕಲಿಸಿದಳು.